ಎರಡೂವರೆ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್

ಮಗ ಮೊಬೈಲ್ ಕೈಬಿಡುತ್ತಿಲ್ಲವೇ? ಕರಾಟೆಗೆ ಹಾಕಿ. ಮನೆಯಲ್ಲಿ ಹೇಳಿದ ಮಾತು ಕೇಳುವುದಿಲ್ಲವೇ? ಕರಾಟೆಗೆ ಹಾಕಿ. ನಾಲ್ಕು ಜನರ ಮುಂದೆ ಬಾಯಿ ಬಿಡಲು ಹೆದರುತ್ತಾನೆಯೇ? ಅದಕ್ಕೂ ಕರಾಟೆಯೇ ಮದ್ದು. ಹೆಣ್ಣುಮಗಳಾದರಂತೂ ಯೋಚನೆಯೇ ಬೇಡ, ಕಾಲ ಕೆಟ್ಟಿದೆ, ನಾಳೆಯೇ ಸೇರಿಸಿ. ಯಾವ ಕ್ಲಾಸಿಗೆ ಎಂದು ಕೇಳಿ ನೋಡಿ, ಸಲಹೆ ಕೊಡುವವರ ಉತ್ಸಾಹ ಅಲ್ಲಿಗೆ ಮುಗಿಯುತ್ತದೆ. ಯಾವುದಾದರೇನು, ಎಲ್ಲ ಒಂದೇ. ಮನೆಗೆ ಹತ್ತಿರ ಇರಲಿ, ಬೆಲ್ಟ್ ಬೇಗ ಬೇಗ ಸಿಗಲಿ, ವರ್ಷಕ್ಕೆರಡು ಮೆಡಲ್ ಬರಲಿ, ಮಾಸ್ಟರ್ ಸ್ವಲ್ಪ ಸ್ಟ್ರಿಕ್ಟ್ ಆಗಿರಲಿ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಿಂದ ಶಾಲೆಯ ಪೋಷಕರ ಸಭೆಯವರೆಗೆ ಎಲ್ಲರೂ ಒಪ್ಪಿಕೊಂಡು ಕೂತಿರುವ ಅಭಿಪ್ರಾಯ ಇದು. ಈ ನಾಲ್ಕು ಅಳತೆಗಳಲ್ಲಿ ಒಂದೂ ಒಳ್ಳೆಯ ಕ್ಲಾಸನ್ನು ಗುರುತಿಸುವುದಿಲ್ಲ. ಬದಲಿಗೆ ನಾಲ್ಕೂ ಸೇರಿ ಕೆಟ್ಟ ಕ್ಲಾಸುಗಳನ್ನು ಸಾಕುತ್ತಿವೆ.

ಬೆಂಗಳೂರಿನಲ್ಲಿ ಆಟೊ ಓಡಿಸಲು ಲೈಸೆನ್ಸ್ ಬೇಕು. ಗಾಡಿಯಲ್ಲಿ ಇಡ್ಲಿ ಮಾರಲು ಆಹಾರ ಸುರಕ್ಷತೆಯ ನೋಂದಣಿ ಬೇಕು. ಐದು ವರ್ಷದ ಮಗುವಿಗೆ ಇನ್ನೊಂದು ಮಗುವಿನ ಮುಖಕ್ಕೆ ಒದೆಯುವುದನ್ನು ಕಲಿಸಲು ಏನು ಬೇಕು? ಒಂದು ಬ್ಯಾನರ್, ಒಂದು ಬಿಳಿ ಡ್ರೆಸ್, ಸೊಂಟಕ್ಕೊಂದು ಕಪ್ಪು ಪಟ್ಟಿ. ಆ ಪಟ್ಟಿಯನ್ನು ಕೊಟ್ಟವರು ಯಾರು, ಅವರಿಗೆ ಕೊಟ್ಟವರು ಯಾರು ಎಂದು ಕೇಳುವ ತಾಯಿತಂದೆಯನ್ನು ನಾನು ಕಂಡದ್ದು ಕಡಿಮೆ. ಬ್ಯಾನರಿನ ಮೇಲೆ ‘ಎರಡೂವರೆ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್’ ಎಂದಿದ್ದರೆ ಅನುಮಾನ ಬರಬೇಕಾದ ಜಾಗದಲ್ಲಿ ಸಮಾಧಾನವಾಗುತ್ತದೆ: ಏಳನೇ ಕ್ಲಾಸಿಗೆ ಮುಗಿದುಬಿಡುತ್ತೆ, ಆಮೇಲೆ ಓದಿನ ಕಡೆ ಗಮನ ಕೊಡಬಹುದು.

ಈ ಎರಡೂವರೆ ವರ್ಷ ಬಂದದ್ದೆಲ್ಲಿಂದ? ಕಪ್ಪಿಗೆ ಮುಂಚೆ ಹತ್ತು ಮೆಟ್ಟಿಲು, ಮೂರು ತಿಂಗಳಿಗೊಂದು ಗ್ರೇಡಿಂಗ್ ಪರೀಕ್ಷೆ. ಲೆಕ್ಕ ತಾನಾಗಿ ಬಂತು. ಪ್ರತಿ ಪರೀಕ್ಷೆಗೂ ಪ್ರತ್ಯೇಕ ಫೀಸು, ಬೆಲ್ಟಿಗೆ ಬೇರೆ, ಸರ್ಟಿಫಿಕೇಟಿಗೆ ಬೇರೆ. ಹೊರಗಿನಿಂದ ‘ಚೀಫ್ ಎಕ್ಸಾಮಿನರ್’ ಬಂದರೆ ಅದಕ್ಕಿನ್ನೊಂದು. ಮೆಟ್ಟಿಲು ಕಡಿಮೆ ಅನಿಸಿದರೆ ಹಳದಿಗೂ ಹಸಿರಿಗೂ ನಡುವೆ ‘ಹಳದಿಯ ಮೇಲೆ ಪಟ್ಟಿ’ ಎಂಬ ಹೊಸ ಮೆಟ್ಟಿಲು ಹುಟ್ಟಿಕೊಳ್ಳುತ್ತದೆ. ಈ ಪರೀಕ್ಷೆಯಲ್ಲಿ ಫೇಲಾದ ಮಗುವಿನ ಹೆಸರು ಯಾರಾದರೂ ಹೇಳಬಲ್ಲಿರಾ? ಎಸ್ಸೆಸ್ಸೆಲ್ಸಿಯಲ್ಲಿ ಯಾವುದೋ ಶಾಲೆ ನೂರಕ್ಕೆ ನೂರು ಫಲಿತಾಂಶ ತಂದರೆ ನಕಲು ನಡೆದಿದೆಯೇನೋ ಎಂದು ಹುಬ್ಬೇರಿಸುವ ನಾವು, ಸತತವಾಗಿ ಯಾರೂ ಫೇಲಾಗದ ಈ ಪರೀಕ್ಷೆಯ ಫೋಟೊ ಹಾಕಿ ‘ಪ್ರೌಡ್ ಮೊಮೆಂಟ್’ ಎಂದು ಬರೆದುಕೊಳ್ಳುತ್ತೇವೆ.

ಬೆಲ್ಟ್ ಎಂಬುದು ಸನಾತನವಾದ ಪವಿತ್ರ ವಸ್ತುವೇನೂ ಅಲ್ಲ. 1882ರಲ್ಲಿ ಜೂಡೊ ಆರಂಭಿಸಿದ ಜಿಗೊರೊ ಕಾನೊ ಹಿರಿಯ ವಿದ್ಯಾರ್ಥಿಗಳನ್ನು ಗುರುತಿಸಲು ಕಪ್ಪು ಪಟ್ಟಿ ತಂದರು. ಒಕಿನಾವಾದ ಶಾಲಾ ಮೇಷ್ಟ್ರು ಗಿಚಿನ್ ಫುನಾಕೊಶಿ 1920ರ ದಶಕದಲ್ಲಿ ಅದನ್ನು ಕರಾಟೆಗೆ ತೆಗೆದುಕೊಂಡರು. ಈ ಬಣ್ಣಬಣ್ಣದ ಮೆಟ್ಟಿಲುಗಳು ಹರಡಿದ್ದು 1930ರ ದಶಕದ ಯುರೋಪಿನಲ್ಲಿ, ಪ್ಯಾರಿಸ್ಸಿನಲ್ಲಿ ಜೂಡೊ ಕಲಿಸುತ್ತಿದ್ದ ಕವಾಯಿಶಿ ಅವರ ಮೂಲಕ. ತಾಳ್ಮೆ ಕಡಿಮೆ ಇದ್ದ ವಿದ್ಯಾರ್ಥಿಗಳನ್ನು ಹಿಡಿದಿಟ್ಟುಕೊಳ್ಳಲು ಅದು ಚೆನ್ನಾಗಿಯೇ ಕೆಲಸ ಮಾಡಿತು. ಅದರಲ್ಲಿ ತಪ್ಪಿಲ್ಲ. ಆದರೆ ಬೆಲ್ಟಿಗೆ ಇಂದಿಗೂ ಬೆಲೆ ಉಳಿದಿರುವ ಕಡೆ ಏನಾಗುತ್ತದೆ ನೋಡಿ. ಬ್ರೆಜಿಲಿಯನ್ ಜಿಯುಜಿಟ್ಸುವಿನಲ್ಲಿ ಕಪ್ಪು ಬೆಲ್ಟಿಗೆ ಸಾಮಾನ್ಯವಾಗಿ ಹತ್ತು ವರ್ಷದ ಹತ್ತಿರ ಹಿಡಿಯುತ್ತದೆ; ಅದರ ಅಂತರರಾಷ್ಟ್ರೀಯ ಒಕ್ಕೂಟದ ನಿಯಮದ ಪ್ರಕಾರ 19 ತುಂಬದವರಿಗೆ ಅದು ಸಿಗುವುದೇ ಇಲ್ಲ. ಟೇಕ್ವಾಂಡೊದ ಕೇಂದ್ರವಾದ ಸೋಲ್‌ನ ಕುಕ್ಕಿವೋನ್ ಕೂಡ 15ರ ಒಳಗಿನವರಿಗೆ ಕೊಡುವುದು ‘ಪೂಮ್’, ದೊಡ್ಡವರ ‘ಡಾನ್’ ಅಲ್ಲ. ನಮ್ಮಲ್ಲಿ ಮಾತ್ರ ಹಾಲುಹಲ್ಲು ಪೂರ್ತಿ ಉದುರದ ಬ್ಲ್ಯಾಕ್ ಬೆಲ್ಟುಗಳು ಬಡಾವಣೆಗೆ ಹತ್ತು ಸಿಗುತ್ತಾರೆ. ಆ ಮಗು ನಿಜಕ್ಕೂ ತನಗೆ ಹೊಡೆದಾಟ ಬರುತ್ತದೆ ಎಂದು ನಂಬಿಕೊಂಡು ಬೀದಿಗೆ ಇಳಿದರೆ? ಆ ಸುಳ್ಳು ಧೈರ್ಯಕ್ಕೆ ರಸೀದಿ ಕೊಟ್ಟವರು ಮಾಸ್ಟರ್, ದುಡ್ಡು ಕೊಟ್ಟವರು ನಾವು.

ಇನ್ನು ಮೆಡಲ್. ಊರಿನ ಯಾವುದಾದರೂ ಕಲ್ಯಾಣ ಮಂಟಪದಲ್ಲಿ ಭಾನುವಾರ ನಡೆಯುವ ‘ರಾಷ್ಟ್ರೀಯ ಮುಕ್ತ ಚಾಂಪಿಯನ್‌ಶಿಪ್’ಗೆ ಹೋಗಿ ಒಂದು ಗಂಟೆ ಕೂತುಕೊಳ್ಳಿ. ಮಕ್ಕಳನ್ನು ಮೊದಲು ವಯಸ್ಸಿನ ಪ್ರಕಾರ ಒಡೆಯುತ್ತಾರೆ, ಆಮೇಲೆ ತೂಕ, ಆಮೇಲೆ ಬೆಲ್ಟಿನ ಬಣ್ಣ, ಆಮೇಲೆ ಗಂಡು-ಹೆಣ್ಣು. ಒಡೆದೂ ಒಡೆದೂ ಒಂದೊಂದು ಗುಂಪಿನಲ್ಲಿ ನಾಲ್ಕು ಮಕ್ಕಳು ಉಳಿಯುತ್ತಾರೆ. ಕರಾಟೆಯಲ್ಲಿ ಒಂದು ಚಿನ್ನ, ಒಂದು ಬೆಳ್ಳಿ, ಎರಡು ಕಂಚು. ನಾಲ್ಕು ಮಕ್ಕಳು, ನಾಲ್ಕು ಪದಕ. ಒಂದೇ ಒಂದು ಪಂದ್ಯ ಆಡಿ, ಅದರಲ್ಲೂ ಸೋತು, ಮೂಗು ಒರೆಸಿಕೊಳ್ಳುತ್ತಾ ಕೆಳಗಿಳಿದ ಹುಡುಗಿಯ ಕೊರಳಿಗೆ ‘ರಾಷ್ಟ್ರಮಟ್ಟದ ಕಂಚು’ ಬೀಳುತ್ತದೆ. ಮರುದಿನ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಚಪ್ಪಾಳೆ, ಮರುವಾರ ಸ್ಥಳೀಯ ಪತ್ರಿಕೆಯಲ್ಲಿ ಫೋಟೊ. ಮದುವೆಮನೆಯಲ್ಲಿ ತಾಂಬೂಲದ ಚೀಲ ಹಂಚಿದಂತೆ ಪದಕ ಹಂಚಿ ಮನೆಗೆ ಕಳಿಸುವ ಈ ವ್ಯವಸ್ಥೆಯಲ್ಲಿ ಒಂದೇ ವ್ಯತ್ಯಾಸ, ತಾಂಬೂಲಕ್ಕೆ ಎಂಟ್ರಿ ಫೀಸಿಲ್ಲ. ರಾಷ್ಟ್ರೀಯ, ಅಂತರರಾಷ್ಟ್ರೀಯ, ವಿಶ್ವ ಎಂಬ ಪದಗಳಿಗೆ ಯಾರೂ ಯಾರ ಅನುಮತಿಯನ್ನೂ ಕೇಳುವುದಿಲ್ಲ, ಪ್ರಿಂಟಿಂಗ್ ಪ್ರೆಸ್ಸಿನವನದು ಸಾಕು.

ಆಯ್ತು, ಪಂದ್ಯ ಅಸಲಿಯೇ ಎಂದುಕೊಳ್ಳೋಣ. ಆಗ ಮೆಡಲ್ ಹೆಚ್ಚು ತರುವ ಕ್ಲಾಸೇ ಒಳ್ಳೆಯದು ಅಲ್ಲವೇ? ಅಲ್ಲ. ಇದನ್ನು ಹೇಳಿದ್ದು ಜಪಾನ್. 2022ರಲ್ಲಿ ಅಖಿಲ ಜಪಾನ್ ಜೂಡೊ ಒಕ್ಕೂಟ ಪ್ರಾಥಮಿಕ ಶಾಲಾ ಮಕ್ಕಳ ರಾಷ್ಟ್ರೀಯ ಪಂದ್ಯಾವಳಿಯನ್ನೇ ಕೈಬಿಟ್ಟಿತು. ಕಾರಣ ಸ್ಪಷ್ಟವಾಗಿತ್ತು: ಹೇಗಾದರೂ ಮಾಡಿ ಗೆಲ್ಲಲೇಬೇಕೆಂಬ ಹುಚ್ಚು. ಹತ್ತು-ಹನ್ನೆರಡರ ಮಕ್ಕಳನ್ನು ತೂಕ ಇಳಿಸಲು ಉಪವಾಸ ಕೆಡವುವ ತರಬೇತುದಾರರು, ರೆಫ್ರಿಯನ್ನು ಬೈಯುವ ಅಪ್ಪಅಮ್ಮಂದಿರು. ಜೂಡೊ ಹುಟ್ಟಿದ ನೆಲ, ಒಲಿಂಪಿಕ್ಸ್‌ನಲ್ಲಿ ರಾಶಿ ಪದಕ ಗೆಲ್ಲುವ ದೇಶ, ತನ್ನ ಮಕ್ಕಳ ಕೊರಳಿನಿಂದ ಪದಕ ತೆಗೆದಿಟ್ಟಿತು. ಅದರ ಹಿಂದೆ ಒಂದು ಕರಾಳ ಲೆಕ್ಕವೂ ಇದೆ. 1983ರಿಂದ ಮೂರು ದಶಕದಲ್ಲಿ ಜಪಾನಿನ ಶಾಲೆಗಳ ಜೂಡೊದಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಸತ್ತರು. ಅವರಲ್ಲಿ ಬಹಳಷ್ಟು ಮಂದಿ ಬೀಳುವುದನ್ನು ಸರಿಯಾಗಿ ಕಲಿಯುವ ಮೊದಲೇ ಹಿರಿಯರು ಎತ್ತಿ ಒಗೆದ ಹೊಸಬರು. ತಲೆಯೊಳಗೆ ರಕ್ತಸ್ರಾವವಾಗಿ ಸತ್ತವರು. ಪೋಷಕರು ಬೀದಿಗೆ ಬಂದು ಕೇಳುವವರೆಗೆ ಅದು ‘ದುರದೃಷ್ಟ’ವಾಗಿತ್ತು. ಕೇಳಿದ ಮೇಲೆ, ಸುರಕ್ಷತೆಯ ನಿಯಮ ಬಿಗಿಯಾದ ಮೇಲೆ, ಸಾವುಗಳು ಇಳಿದವು. ಅಂದರೆ ಅಲ್ಲಿ ಕಡಿಮೆ ಇದ್ದದ್ದು ದೈವಕೃಪೆಯಲ್ಲ, ಕಲಿಸುವವರ ಎಚ್ಚರ.

ಹಾಗಾಗಿ ಮಾಸ್ಟರ್ ಗೋಡೆಯ ಮೇಲಿನ ಟ್ರೋಫಿಗಳನ್ನು ತೋರಿಸುವಾಗ ನೀವು ಕೆಳಗೆ ನೋಡಿ, ನೆಲ ಯಾವುದೆಂದು. ನಮ್ಮ ಎಷ್ಟೋ ಕ್ಲಾಸುಗಳು ನಡೆಯುವುದು ತಾರಸಿಯ ಸಿಮೆಂಟಿನ ಮೇಲೆ, ಪಾರ್ಕಿಂಗ್ ಜಾಗದಲ್ಲಿ, ಕ್ಲಬ್‌ಹೌಸಿನ ನುಣುಪಾದ ಟೈಲ್ಸಿನ ಮೇಲೆ. ಅಲ್ಲೇ ಮಕ್ಕಳನ್ನು ಎತ್ತಿ ಹಾಕುತ್ತಾರೆ. ನಮ್ಮ ಗರಡಿಮನೆಯ ಪೈಲ್ವಾನರು ಇದನ್ನು ನೋಡಿದರೆ ತಲೆ ಚಚ್ಚಿಕೊಂಡಾರು. ಮೈಸೂರಿರಲಿ ದಾವಣಗೆರೆಯಿರಲಿ, ಗರಡಿಯಲ್ಲಿ ಕುಸ್ತಿಗೆ ಇಳಿಯುವ ಮುಂಚಿನ ಕೆಲಸವೇ ಮಟ್ಟಿ ಅಗೆಯುವುದು. ಕೆಮ್ಮಣ್ಣನ್ನು ಗುದ್ದಲಿಯಿಂದ ಸಡಿಲಿಸಿ, ಹರಳು ಆರಿಸಿ, ಎಣ್ಣೆ, ಅರಿಸಿನ ಸೇರಿಸಿ ಹದ ಮಾಡುತ್ತಾರೆ. ಅಗೆಯುವವನಿಗೆ ಅದೇ ವ್ಯಾಯಾಮ, ಬೀಳುವವನಿಗೆ ಅದೇ ಹಾಸಿಗೆ. ಗರಡಿಯನ್ನು ಹಾಡಿಹೊಗಳುವುದು ನನ್ನ ಉದ್ದೇಶವಲ್ಲ. ಹೆಣ್ಣುಮಕ್ಕಳಿಗೆ ಅದರ ಬಾಗಿಲು ಬಹುಕಾಲ ಮುಚ್ಚಿತ್ತು, ಉಸ್ತಾದರ ಬೆತ್ತಕ್ಕೆ ಅಲ್ಲಿ ಕೊರತೆಯಿರಲಿಲ್ಲ. ಆದರೆ ಬಿದ್ದವನ ಮೈ ಮುರಿಯಬಾರದು ಎಂಬ ತಿಳಿವಳಿಕೆಯಾದರೂ ಇತ್ತು, ಮತ್ತು ಯಾರ ಸೊಂಟದಲ್ಲಿ ಯಾವ ಬಣ್ಣವಿದೆ ಎಂದು ಅಲ್ಲಿ ಯಾರೂ ನೋಡುತ್ತಿರಲಿಲ್ಲ. ಮಟ್ಟಿಗೆ ಇಳಿದ ಎರಡು ನಿಮಿಷಕ್ಕೆ ಯಾರು ಏನೆಂದು ಗೊತ್ತಾಗುತ್ತಿತ್ತು.

ಈಗಿನ ಶಾಲಾ ವಾರ್ಷಿಕೋತ್ಸವದ ಕರಾಟೆ ಡೆಮೊ ನೋಡಿ. ಸಾಲಾಗಿ ಮಲಗಿದ ಹುಡುಗರ ಅಂಗೈ ಮೇಲೆ ಬೈಕ್ ಹಾಯಿಸುತ್ತಾರೆ. ಹೆಂಚಿಗೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿ, ಮಗುವಿನಿಂದ ಒಡೆಸುತ್ತಾರೆ. ಹಣೆಯಿಂದ ಒಡೆಸುವ ಮಹಾನುಭಾವರೂ ಇದ್ದಾರೆ. ಇದರಲ್ಲಿ ಯಾವ ವಿದ್ಯೆಯಿದೆ? ನಡುವೆ ಸಂದು ಬಿಟ್ಟು ಪೇರಿಸಿದ ಒಣ ಹೆಂಚು ಒಡೆಯುವುದು ಒಡೆಯುವವನ ಸಾಧನೆಗಿಂತ ಪೇರಿಸಿದವನ ಜಾಣತನ. ಬೆಳೆಯುವ ಮಗುವಿನ ಎಲುಬಿನ ತುದಿಯ ಬೆಳವಣಿಗೆಯ ಪದರ ಇನ್ನೂ ಗಟ್ಟಿಯಾಗಿರುವುದಿಲ್ಲ, ಅಲ್ಲಿ ಪೆಟ್ಟು ಬಿದ್ದರೆ ಎಲುಬಿನ ಬೆಳವಣಿಗೆಯೇ ವಕ್ರವಾಗಬಹುದು ಎಂದು ಯಾವ ಮೂಳೆ ಡಾಕ್ಟರಾದರೂ ಹೇಳುತ್ತಾರೆ. ಇದೇ ಕೆಲಸವನ್ನು ಜಾತ್ರೆಯ ದೊಂಬರಾಟದವರು ತಮ್ಮ ಮಗುವಿನಿಂದ ಮಾಡಿಸಿದರೆ ನಾವು ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡುತ್ತೇವೆ. ಶಾಲೆಯ ವೇದಿಕೆಯಲ್ಲಿ ಮಾಡಿಸಿದರೆ ಮುಖ್ಯ ಅತಿಥಿಗಳು ಶಾಲು ಹೊದಿಸುತ್ತಾರೆ.

ಸ್ಪಾರಿಂಗ್ ಎಂಬ ಅಭ್ಯಾಸದ ಸೆಣಸಾಟದಲ್ಲೂ ಇದೇ ಕುರುಡು. ಹೆಲ್ಮೆಟ್ ಹಾಕಿದೆ, ಏನೂ ಆಗಲ್ಲ ಎನ್ನುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಸಮರ ಕಲೆಗಳ ಬಗ್ಗೆಯೇ ವರದಿ ಕೊಟ್ಟು ಹೇಳಿತು: ಮೆತ್ತನೆ ಹೆಲ್ಮೆಟ್ಟು ಮಿದುಳಿನ ಅಲುಗಾಟವನ್ನು ತಡೆಯುತ್ತದೆ ಎಂಬುದಕ್ಕೆ ಪುರಾವೆಯಿಲ್ಲ, ಮೈಗೆ ಮೈ ತಾಗದ ಅಭ್ಯಾಸದಲ್ಲಿ ಮಗು ಪಳಗಿ, ಮನಸ್ಸೂ ಮೈಯೂ ಮಾಗಿದ ಮೇಲಷ್ಟೇ ಹೊಡೆತದ ಪಂದ್ಯ. ನಮ್ಮಲ್ಲಿ ತಲೆಗೆ ಒದೆ ತಿಂದು ಕಣ್ಣು ಮಂಜಾದ ಹುಡುಗನಿಗೆ ನೀರು ಚಿಮುಕಿಸಿ, ‘ಏನೂ ಆಗಿಲ್ಲ, ಏಳೋ ಗಂಡಸೇ’ ಎಂದು ಮತ್ತೆ ಮ್ಯಾಟಿಗೆ ತಳ್ಳುತ್ತಾರೆ. ಅವತ್ತಿಗೆ ಅವನ ಆಟ ಮುಗಿಯಿತು, ಇನ್ನು ಡಾಕ್ಟರ ಬಳಿ ಹೋಗಬೇಕು ಎಂದು ಹೇಳಲಾಗದ ಮಾಸ್ಟರ್ ಕೈಗೆ ಮಕ್ಕಳನ್ನು ಕೊಡಬಾರದು.

ಶಿಸ್ತಿನ ವಿಷಯಕ್ಕೆ ಬರೋಣ, ನಮ್ಮ ಪೋಷಕರ ಪ್ರೀತಿಯ ವಿಷಯ. ‘ಎರಡೇಟು ಹಾಕಿ ಸರ್, ನಮ್ಮದೇನೂ ಅಭ್ಯಂತರವಿಲ್ಲ’ ಎಂದು ಸೇರಿಸುವ ದಿನವೇ ಲೈಸೆನ್ಸ್ ಕೊಟ್ಟು ಬರುವವರಿದ್ದಾರೆ. ತಡವಾಗಿ ಬಂದವರಿಗೆ ಬಸ್ಕಿ, ನಕ್ಕವರಿಗೆ ಕೋಲಿನ ಏಟು, ಕುಕ್ಕರುಗಾಲಿನಲ್ಲಿ ಮೈದಾನ ಸುತ್ತುವ ‘ಡಕ್ ವಾಕ್’. ಮೊಣಕಾಲಿಗೆ ಇದಕ್ಕಿಂತ ಕೆಟ್ಟದ್ದನ್ನು ಹುಡುಕುವುದು ಕಷ್ಟ. ಶಾಲೆಯ ಮೇಷ್ಟ್ರು ಹೊಡೆದರೆ ಶಿಕ್ಷಣ ಹಕ್ಕು ಕಾಯ್ದೆ ನೆನಪಾಗುತ್ತದೆ, ಮಾಸ್ಟರ್ ಹೊಡೆದರೆ ತರಬೇತಿ. ತನ್ನ ಸುಪರ್ದಿಯಲ್ಲಿರುವ ಮಗುವಿನ ಮೇಲೆ ಕೈಮಾಡುವುದು ಬಾಲ ನ್ಯಾಯ ಕಾಯ್ದೆಯ 75ನೇ ಸೆಕ್ಷನ್ನಿನಡಿ ಅಪರಾಧ; ಬಿಳಿ ಡ್ರೆಸ್ ಹಾಕಿಕೊಂಡವರಿಗೆ ಅದರಲ್ಲಿ ವಿನಾಯಿತಿ ಇಲ್ಲ. ಹೊಡೆದು ಕಲಿಸುವವನು ಮಗುವಿಗೆ ಕಲಿಸುವುದು ಒಂದೇ ಪಾಠ, ಬಲ ಇದ್ದವನು ಹೊಡೆಯಬಹುದು. ಸಮರ ಕಲೆಯ ಕ್ಲಾಸಿಗೆ ಹೋಗಿ ಕಲಿತು ಬರಬೇಕಾದ ಪಾಠವೇ ಇದು?

ಹೀಗೆ ಹೊಡೆದು ಕಲಿಸಿದ ವಿಧೇಯತೆಯೇ ಮಗುವನ್ನು ಎಲ್ಲಕ್ಕಿಂತ ದೊಡ್ಡ ಅಪಾಯಕ್ಕೆ ಸಿದ್ಧ ಮಾಡುತ್ತದೆ. ಬಾಗಿಲು ಹಾಕಿದ ಹಾಲ್, ‘ಪೋಷಕರು ಒಳಗೆ ಬಂದರೆ ಮಕ್ಕಳ ಗಮನ ಕೆಡುತ್ತೆ’ ಎಂಬ ಬೋರ್ಡು, ಒಬ್ಬರಿಗೇ ‘ಸ್ಪೆಷಲ್ ಕೋಚಿಂಗ್’, ಬೇರೆ ಊರಿನ ಪಂದ್ಯಕ್ಕೆ ರಾತ್ರಿ ಪ್ರಯಾಣ. ಮೈ ಮುಟ್ಟಿಯೇ ಕಲಿಸಬೇಕಾದ ವಿದ್ಯೆ ಇದು. ಗುರುವಿನ ಮಾತಿಗೆ ‘ಓಸ್’ ಎನ್ನುವುದು ಬಿಟ್ಟು ಬೇರೆ ಉತ್ತರ ಕಲಿಯದ ಮಗು, ಆ ಗುರುವಿನ ಕೈ ಹೋಗಬಾರದ ಕಡೆ ಹೋದಾಗ ಏನು ಹೇಳುತ್ತದೆ? ಕರಾಟೆ ಮಾಸ್ಟರ್ ಮೇಲೆ ಪೋಕ್ಸೊ ಕೇಸು ಎಂಬ ಸುದ್ದಿ ಪತ್ರಿಕೆಗಳ ಒಳಪುಟದಲ್ಲಿ ಮತ್ತೆ ಮತ್ತೆ ಬರುತ್ತದೆ. ಎಲ್ಲ ಮಾಸ್ಟರುಗಳೂ ಹಾಗಲ್ಲ ಎನ್ನುವವರಿಗೆ ಒಂದು ಮಾತು: ಒಳ್ಳೆಯ ಮಾಸ್ಟರಿಗೆ ತೆರೆದ ಬಾಗಿಲಿನಿಂದ ಯಾವ ನಷ್ಟವೂ ಇಲ್ಲ. ಬಾಗಿಲು ಮುಚ್ಚಬೇಕು ಎನ್ನುವವನು ಏಕೆ ಎಂದು ವಿವರಿಸಲಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಇಂಥದ್ದು ಗೊತ್ತಾದವರು ದೂರು ಕೊಡದೆ ಸುಮ್ಮನಿದ್ದರೆ ಅದೂ ಅಪರಾಧ. ‘ಹುಡುಗಿಯ ಭವಿಷ್ಯ ಹಾಳಾಗುತ್ತೆ’ ಎಂದು ಮಾಸ್ಟರನ್ನು ಸದ್ದಿಲ್ಲದೆ ಬದಲಾಯಿಸಿ, ಅವನನ್ನು ಪಕ್ಕದ ಬಡಾವಣೆಗೆ ಸಾಗಹಾಕುವ ಶಾಲೆಗಳೂ ಅಪಾರ್ಟ್‌ಮೆಂಟ್ ಸಂಘಗಳೂ ಇದನ್ನು ನೆನಪಿಟ್ಟುಕೊಳ್ಳಲಿ.

‘ಹೆಣ್ಣುಮಕ್ಕಳು ಕರಾಟೆ ಕಲಿತರೆ ಸಾಕು’ ಎಂಬ ಘೋಷಣೆ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಏನಾದರೂ ಆದಾಗ ‘ಅವಳೇಕೆ ಕಲಿತಿರಲಿಲ್ಲ’ ಎಂದು ಕೇಳಲು ಅದು ಮೊದಲೇ ಮಾಡಿಟ್ಟ ಏರ್ಪಾಡು. ಸರ್ಕಾರಿ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯ ಹೆಸರಿನಲ್ಲಿ ಮೂರು ತಿಂಗಳ ತರಬೇತಿ; ಯೋಜನೆಯ ಹೆಸರು ರಾಣಿ ಲಕ್ಷ್ಮೀಬಾಯಿಯದು, ನಮ್ಮ ಹಾಸ್ಟೆಲುಗಳಲ್ಲಿ ಒನಕೆ ಓಬವ್ವನದು. ಸಾಲಾಗಿ ನಿಂತು ಗಾಳಿಗೆ ಗುದ್ದಿ, ಫೋಟೊ ತೆಗೆಸಿಕೊಂಡು ಮುಗಿಸುವುದು ಆತ್ಮರಕ್ಷಣೆಯೇ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷ ವರ್ಷವೂ ಹೇಳುತ್ತಿದೆ, ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಯದವನು. ನೆಂಟ, ನೆರೆಯವ, ಗೆಳೆಯ, ಮೇಲಧಿಕಾರಿ. ಕತ್ತಲ ಗಲ್ಲಿಯ ಅಪರಿಚಿತನಿಗೆ ಹೊಡೆಯುವ ಗುದ್ದು ಮನೆಗೆ ಬಂದ ಮಾವನ ಮೇಲೆ ಏಳುತ್ತದೆಯೇ? ಕೈ ಎತ್ತುವ ಮೊದಲು ಅವಳು ಮುರಿಯಬೇಕಾದದ್ದು ತನ್ನದೇ ಸಂಕೋಚವನ್ನು, ಮನೆಯವರು ಏನಂದುಕೊಂಡಾರು ಎಂಬ ಭಯವನ್ನು.

ಇದನ್ನು ಕಲಿಸಬಹುದು. ಕೆನಡಾದ ಚಾರ್ಲೀನ್ ಸೆನ್ ಮತ್ತು ಸಂಗಡಿಗರು ಮೂರು ವಿಶ್ವವಿದ್ಯಾಲಯಗಳ ಸುಮಾರು 900 ವಿದ್ಯಾರ್ಥಿನಿಯರ ಮೇಲೆ ನಡೆಸಿದ ಅಧ್ಯಯನ 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಕೇವಲ 12 ಗಂಟೆಯ ತರಬೇತಿ. ಪರಿಚಿತ ಗಂಡಸಿನ ನಡವಳಿಕೆಯಲ್ಲಿ ಅಪಾಯವನ್ನು ಮೊದಲೇ ಗುರುತಿಸುವುದು, ಅದನ್ನು ತನಗೆ ತಾನೇ ಒಪ್ಪಿಕೊಳ್ಳುವುದು, ಗಟ್ಟಿಯಾಗಿ ಬೇಡ ಎನ್ನುವುದು, ಕೊನೆಗೆ ಕೈಕಾಲು ಬಳಸುವುದು. ಒಂದು ವರ್ಷದ ನಂತರ ನೋಡಿದಾಗ ತರಬೇತಿ ಪಡೆದವರಲ್ಲಿ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ಉಳಿದವರಿಗಿಂತ ಸುಮಾರು ಅರ್ಧದಷ್ಟು ಕಡಿಮೆ. ಬೆಲ್ಟಿಲ್ಲ, ಕರಾಟೆಯ ಕಟಾ ಕವಾಯತಿಲ್ಲ, ಹೆಂಚಿಲ್ಲ. ನಿಮ್ಮ ಬಡಾವಣೆಯ ‘ವುಮೆನ್ ಸೇಫ್ಟಿ ಬ್ಯಾಚ್’ನಲ್ಲಿ ಈ ತರಬೇತಿಯ ಪಾಠಗಳಲ್ಲಿ ಒಂದಾದರೂ ಇದೆಯೇ?

ಹೊಡೆದಾಟ ಬಂದ ಮಾತ್ರಕ್ಕೆ ಹೆಣ್ಣು ಸುರಕ್ಷಿತ ಎನ್ನುವವರು 2023ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ನಡೆದ ಕುಸ್ತಿಪಟುಗಳ ಧರಣಿಯನ್ನು ನೆನಪಿಸಿಕೊಳ್ಳಲಿ. ಸಾಕ್ಷಿ ಮಲಿಕ್, ವಿನೇಶ್ ಫೋಗಟ್ ಅವರಿಗೆ ಪಟ್ಟು ಬರುತ್ತಿರಲಿಲ್ಲವೇ? ಒಬ್ಬರು ಒಲಿಂಪಿಕ್ ಪದಕ ಗೆದ್ದವರು, ಇನ್ನೊಬ್ಬರು ವಿಶ್ವ ಚಾಂಪಿಯನ್‌ಶಿಪ್ ಪದಕ ಗೆದ್ದವರು. ತಮ್ಮ ಫೆಡರೇಷನ್ನಿನ ಅಧ್ಯಕ್ಷರ ಮೇಲಿನ ಲೈಂಗಿಕ ಕಿರುಕುಳದ ಆರೋಪಕ್ಕೆ ಒಂದು ಎಫ್‌ಐಆರ್ ದಾಖಲಾಗಲು ಕುಸ್ತಿಪಟುಗಳು ಬೀದಿಯಲ್ಲಿ ಮಲಗಬೇಕಾಯಿತು, ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ದೊಡ್ಡವರ ಕಥೆ ಚಿಕ್ಕದು, ಆದರೆ ಅದೇ ರಾಗ. ಮಾರ್ಚ್ 8ರ ಮಹಿಳಾ ದಿನದ ಆಸುಪಾಸಿಗೆ ಐಟಿ ಕಂಪನಿಗಳಲ್ಲಿ ಎರಡು ಗಂಟೆಯ ‘ಕ್ರಾವ್ ಮಗಾ’ ಆತ್ಮರಕ್ಷಣೆ ಕಾರ್ಯಾಗಾರ. ಚಾಕು ಹಿಡಿದವನ ಕೈಯಿಂದ ಚಾಕು ಕಿತ್ತುಕೊಳ್ಳುವುದನ್ನು ಪ್ಲಾಸ್ಟಿಕ್ ಚಾಕುವಿನಲ್ಲಿ, ಒಪ್ಪಿಕೊಂಡು ನಿಂತ ಸಹೋದ್ಯೋಗಿಯ ಮೇಲೆ ಕಲಿಸುತ್ತಾರೆ. ನಿಜವಾದ ಚಾಕುವಿನ ಮುಂದೆ ಮಾಡಬೇಕಾದದ್ದು ಪರ್ಸು ಕೊಟ್ಟು ಓಡುವುದು ಎಂದು ಹೇಳಿದರೆ ಕಾರ್ಯಾಗಾರಕ್ಕೆ ದುಡ್ಡು ಹುಟ್ಟುವುದಿಲ್ಲ. ನಲವತ್ತೈದಕ್ಕೆ ಹೊಸದಾಗಿ ಸೇರಿದವರನ್ನು ಹತ್ತು ವರ್ಷದ ಮಕ್ಕಳ ಸಾಲಿನ ಕೊನೆಗೆ ನಿಲ್ಲಿಸಿ, ಬಿಪಿ ಇದೆಯೇ, ಸಕ್ಕರೆ ಇದೆಯೇ, ಮೊಣಕಾಲು ನೋಯುತ್ತದೆಯೇ ಎಂದು ಒಂದು ಮಾತೂ ಕೇಳದೆ ಕಪ್ಪೆ ಜಿಗಿತ ಮಾಡಿಸುವ ಕ್ಲಾಸಿನಿಂದ ಮೊದಲ ದಿನವೇ ಹೊರಗೆ ಬನ್ನಿ. ಕೊಟ್ಟ ಫೀಸು ಹೋದರೆ ಹೋಗಲಿ.

ಆಯ್ಕೆ ಮಾಡುವುದು ಹೇಗೆ ಹಾಗಾದರೆ? ಕಷ್ಟವೇನಿಲ್ಲ, ಅದಕ್ಕೆ ಒಂದು ಸಂಜೆ ಕೊಡಲು ನಮಗೆ ಮನಸ್ಸಿಲ್ಲ ಅಷ್ಟೆ. ಹೇಳದೆ ಕೇಳದೆ ಹೋಗಿ ಪೂರ್ತಿ ತರಗತಿ ಕೂತು ನೋಡಿ. ಮುಂದಿನ ಸಾಲಿನ ಚೂಟಿ ಹುಡುಗನನ್ನು ನೋಡಬೇಡಿ, ಹಿಂದಿನ ಸಾಲಿನಲ್ಲಿ ಎಡಗೈ ಬಲಗೈ ಗೊತ್ತಾಗದೆ ಒದ್ದಾಡುವ ದಪ್ಪನೆಯ ಮಗುವಿನ ಹತ್ತಿರ ಮಾಸ್ಟರ್ ಎಷ್ಟು ಸಲ ಹೋದರು, ಏನು ಹೇಳಿದರು ಎಂದು ನೋಡಿ. ಬೀಳುವುದನ್ನು ಮೊದಲು ಕಲಿಸುತ್ತಾರೋ ಬೀಳಿಸುವುದನ್ನೋ? ಮಗು ಸಾಕು ಎಂದರೆ ನಿಲ್ಲಿಸುತ್ತಾರೋ, ನಗುತ್ತಾರೋ? ಮಾಸ್ಟರಿಗೆ ಯಾರು ಕಲಿಸಿದರು, ಅವರು ಈಗಲೂ ಯಾರ ಬಳಿಯಾದರೂ ಕಲಿಯುತ್ತಿದ್ದಾರೆಯೇ, ಪ್ರಥಮ ಚಿಕಿತ್ಸೆ ಗೊತ್ತೇ, ಹಾಲ್‌ನಲ್ಲಿ ಇನ್ನೊಬ್ಬ ದೊಡ್ಡವರು ಸದಾ ಇರುತ್ತಾರೆಯೇ, ಕಳೆದ ಗ್ರೇಡಿಂಗಿನಲ್ಲಿ ಎಷ್ಟು ಮಕ್ಕಳನ್ನು ವಾಪಸು ಕಳಿಸಿದಿರಿ ಎಂದು ಕೇಳಿ. ಈ ಪ್ರಶ್ನೆಗಳಿಗೆ ಸಿಡುಕುವವರಿಂದ ದೂರ ಇರಿ. ಒಂದಿಷ್ಟು ಒಳ್ಳೆಯ ಮಾಸ್ಟರುಗಳು ಈ ನಾಡಿನಲ್ಲಿ ಇದ್ದಾರೆ. ಬೆಲ್ಟ್ ತಡ ಮಾಡುತ್ತಾರೆ ಎಂಬ ಒಂದೇ ಕಾರಣಕ್ಕೆ ಅವರ ಕ್ಲಾಸಿನಿಂದ ಮಕ್ಕಳನ್ನು ಬಿಡಿಸಿ ಎದುರಿನ ಬ್ಯಾನರಿಗೆ ಒಯ್ದವರು ನಾವೇ.

ಪೋಷಕರನ್ನಷ್ಟೇ ಬೈದು ಬಿಟ್ಟರೆ ಸರ್ಕಾರಕ್ಕೆ ಸುಖ. ಫ್ರಾನ್ಸ್‌ನಲ್ಲಿ ಸಂಬಳ ಪಡೆದು ಜೂಡೊ ಕಲಿಸಬೇಕಾದರೆ ಸರ್ಕಾರ ಮಾನ್ಯ ಮಾಡಿದ ಡಿಪ್ಲೊಮಾ ಬೇಕು. ನಮ್ಮ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ಇದು ಬ್ರಹ್ಮವಿದ್ಯೆಯೇನಲ್ಲ. ದುಡ್ಡು ಪಡೆದು ಮಕ್ಕಳಿಗೆ ಕಲಿಸುವ ಪ್ರತಿ ಮಾಸ್ಟರಿನ ನೋಂದಣಿ ಆಗಲಿ, ಪೊಲೀಸ್ ಪರಿಶೀಲನೆ ಕಡ್ಡಾಯವಾಗಲಿ, ಮ್ಯಾಟಿಲ್ಲದ ಜಾಗದಲ್ಲಿ ಎತ್ತಿ ಹಾಕುವುದಕ್ಕೂ ಮಕ್ಕಳ ಮೇಲೆ ಬೈಕ್ ಹಾಯಿಸುವುದಕ್ಕೂ ನಿಷೇಧ ಬರಲಿ. ನೋಂದಣಿ ಸಂಖ್ಯೆ ತೋರಿಸದವರಿಗೆ ಶಾಲೆಗಳು ಹಾಲ್ ಕೊಡಬಾರದು, ಅಪಾರ್ಟ್‌ಮೆಂಟ್ ಸಂಘಗಳು ಕ್ಲಬ್‌ಹೌಸ್ ಬಾಡಿಗೆಗೆ ಬಿಡಬಾರದು. ಅಲ್ಲಿಯವರೆಗೆ ಮುಂದಿನ ಗ್ರೇಡಿಂಗ್ ಚೀಟಿ ಮಗುವಿನ ಬ್ಯಾಗಿನಲ್ಲಿ ಬಂದಾಗ ಅದರ ಹಿಂಬದಿಯಲ್ಲಿ ಮೇಲಿನ ಪ್ರಶ್ನೆಗಳನ್ನು ಬರೆದು ವಾಪಸು ಕಳಿಸಿ, ಉತ್ತರ ಬರುವ ತನಕ ಒಂದು ರೂಪಾಯಿಯನ್ನೂ ಕಟ್ಟಬೇಡಿ.